ಢಿಕ್ಕಿ ತಪ್ಪಿಸುವ ದೀಪ

ಇಂಗ್ಲಿಷ್ ಬರುತ್ತದೆ ಎಂದು ಊರಿಗೆ ಗೊತ್ತಾದ ಮನುಷ್ಯನಿಗೆ ನೆಮ್ಮದಿ ಇರುವುದಿಲ್ಲ. ಅದಕ್ಕೆ ಅವನು ಒಳಗೊಳಗೇ ಬೀಗುತ್ತಿರುತ್ತಾನೆ ಎಂಬುದೂ ಸುಳ್ಳಲ್ಲ. ಎಂಬತ್ತರ ದಶಕದಲ್ಲಿ ನಾನು ಆಳಂದದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮಾಸ್ತರ. ಕೋರ್ಟಿನ ನೋಟೀಸು, ಔಷಧಿ ಬಾಟಲಿಯ ಚೀಟಿ, ಎಲ್ಲವೂ ಓದಿಸಿಕೊಳ್ಳಲು ನಮ್ಮ ಮನೆಗೇ ಬರುತ್ತಿದ್ದವು. ವಿಮಾನದ ಕಾಗದವೂ ಬರುತ್ತದೆಂದು ಮಾತ್ರ ಕನಸಿನಲ್ಲೂ ಎಣಿಸಿರಲಿಲ್ಲ.

ತಂದವನು ನನ್ನ ಹೆಂಡತಿ ಗಂಗಮ್ಮನ ತಮ್ಮ ಶರಣಪ್ಪ. ಜೇವರ್ಗಿಯಲ್ಲಿ ಟ್ರ್ಯಾಕ್ಟರ್ ರಿಪೇರಿ ಅವನ ಕಸುಬು. ನಾಲ್ಕು ವರ್ಷ ಹಟ ಹಿಡಿದು, ಪೈಪು, ಬಟ್ಟೆ, ಹಳೇ ಎಂಜಿನ್ ಜೋಡಿಸಿ ಒಬ್ಬರೇ ಕೂರುವ ವಿಮಾನ ಕಟ್ಟಿದ್ದ. ಊರು ಬಿಟ್ಟು ಹೋಗಿ ಹಾರಿಸುವುದನ್ನೂ ಕಲಿತು ಬಂದಿದ್ದ. ಈಗ ತಪಾಸಣೆಯ ಸಾಹೇಬರು ಬರೆದಿದ್ದರು: ಢಿಕ್ಕಿ ತಪ್ಪಿಸುವ ದೀಪವಿಲ್ಲದೆ ಒಪ್ಪಿಗೆಯಿಲ್ಲ.

"ಮಾಮಾ, ಜೇವರ್ಗಿ ಮ್ಯಾಲ ನನಗ ಯಾರ ಬಂದು ಢಿಕ್ಕಿ ಹೊಡೀತಾರ್ರಿ? ಹದ್ದು ಬಿಟ್ರ ಅಲ್ಲಿ ಯಾರ ಅದಾರ?"

"ಕಾಯ್ದೆ ಅಂದ್ರ ಕಾಯ್ದೆ," ಎಂದು ಕನ್ನಡಕ ಏರಿಸಿ ಅರ್ಥ ಹೇಳಿದೆ. ದೀಪ ಸುತ್ತಲೂ ಕಾಣಬೇಕು. ನಿಮಿಷಕ್ಕೆ ನಲವತ್ತಕ್ಕಿಂತ ಕಡಿಮೆಯಾಗದಂತೆ, ನೂರು ಮೀರದಂತೆ ಮಿನುಗಬೇಕು. ಹಾರಿಸುವವನ ಕಣ್ಣಿಗೆ ಕುಕ್ಕಬಾರದು. ಓದುತ್ತ ಓದುತ್ತ ವಿಮಾನ ನಾನೇ ಕಟ್ಟಿದ್ದೇನೋ ಎಂಬಷ್ಟು ಉಮೇದು ಬಂತು.

ಶರಣಪ್ಪ ಎಲ್ಲಿಂದಲೋ ಕೆಂಪು ದೀಪ ತಂದು, ಕೂರುವ ಜಾಗದ ಹಿಂದೆ, ವಿಮಾನದ ಬೆನ್ನ ಮೇಲೆ ಕೂರಿಸಿದ. ಜೇವರ್ಗಿಯ ತೊಗರಿ ಕೊಯ್ದ ಬಯಲಿಗೆ ಒಂದು ಸಂಜೆ ಸಾಹೇಬರು ಬಂದರು; ನಾನೂ ಗಂಗಮ್ಮನೂ ಹೋಗಿದ್ದೆವು. ಈ ಸಲ ತಪ್ಪಿದರೆ ಮತ್ತೆ ವರ್ಷ ಕಾಯಬೇಕು. ಎಂಜಿನ್ ನಿಲ್ಲಿಸಿಯೇ ದೀಪದ ಪರೀಕ್ಷೆ. ಎಣಿಸುವ ಹೊಣೆ ಹೊತ್ತು ನಾನು ಗಡಿಯಾರ ಹಿಡಿದು ವಿಮಾನದ ಎದುರಿಗೇ ನಿಂತೆ. ಇಪ್ಪತ್ತರವರೆಗೆ ಎಣಿಸಿದೆ, ಆಮೇಲೆ ಖುಷಿಯಲ್ಲಿ "ಭಲೇ!" ಎಂದು ಕೂಗಿ ಲೆಕ್ಕ ತಪ್ಪಿದೆ. "ಅರವತ್ತೆರಡು," ಎಂದಳು ಗಂಗಮ್ಮ. ಸಾಹೇಬರ ಲೆಕ್ಕವೂ ಅಷ್ಟೇ!

ಆದರೆ ಒಳಗೆ ಕೂತಿದ್ದ ಶರಣಪ್ಪನ ಮುಖ ಬಿಳಿಚಿತು. "ಕಣ್ಣಿಗಿ ಕುಕ್ಕಾಕತ್ತದ್ರಿ, ಸಾಹೇಬ್ರ..."

ಹಿಂದಿನ ದೀಪ ಮುಂದಿನ ಗಾಜಿನಲ್ಲಿ ಹೊಳೆಯುತ್ತಿರಬೇಕೆಂದು ಗಾಜನ್ನೇ ಬಿಚ್ಚಿದರು. ಕುಕ್ಕುವುದು ನಿಲ್ಲಲಿಲ್ಲ. ವಿಮಾನದ ಮೂತಿಯ ಫ್ಯಾನು ಹೊಳೆಯುತ್ತಿರಬೇಕೆಂದು ಅದಕ್ಕೆ ಗೋಣಿಚೀಲ ಸುತ್ತಿದರು. ಆಗಲೂ ನಿಲ್ಲಲಿಲ್ಲ. ಸಾಹೇಬರು ಪೆನ್ನು ಮುಚ್ಚಿ ಜೇಬಿಗಿಟ್ಟರು. ನಾಲ್ಕು ವರ್ಷದ ದುಡಿಮೆ ಹೋಯಿತಲ್ಲ ಎಂದು ನನಗೆ ಅಳುವೇ ಬಂತು.

ಆಗ ಗಂಗಮ್ಮ ನನ್ನ ಹೆಗಲ ಮೇಲಿನ ಟವೆಲ್ ಎಳೆದು, ಒಂದೂ ಕೂದಲಿಲ್ಲದ ನನ್ನ ತಲೆಗೆ ಹೊದಿಸಿದಳು.

"ಈಗ ನೋಡಲೇ, ಶರಣು."

"ನಿಂತ್ತಬೇ ಅಕ್ಕಾ! ಪೂರಾ ನಿಂತ್ತು!"

ಸಾಹೇಬರು ನಗು ತಡೆಯಲು ಒದ್ದಾಡುತ್ತಲೇ ಸಹಿ ಹಾಕಿದರು.

ಮರುದಿನ ಬೆಳಿಗ್ಗೆ ವಿಮಾನ ಧೂಳೆಬ್ಬಿಸುತ್ತ ಓಡಿತು, ಕುಪ್ಪಳಿಸಿತು, ನೆಲ ಬಿಟ್ಟು ಎದ್ದೇಬಿಟ್ಟಿತು! ಬಯಲಿಗೆ ಬಯಲೇ ಕೂಗಿತು. ನಾನು ಕುಣಿದಾಡಿ, ತಲೆಯ ಟವೆಲ್ ಕಿತ್ತು ಮೇಲಕ್ಕೆಸೆದೆ.

"ರೀ, ತಲಿ ಮುಚ್ಚಿಕೊಳ್ರಿ!" ಗಂಗಮ್ಮ ಚೀರಿದಳು. "ನನ್ನ ತಮ್ಮ ಇನ್ನಾ ಮ್ಯಾಲೇ ಅದಾನ!"

ಎರಡೂ ಕೈಯಿಂದ ಮುಚ್ಚಿಕೊಂಡೆ. ಅವನು ಇಳಿಯುವವರೆಗೂ ತೆಗೆಯಲಿಲ್ಲ.