ಎಮ್ಮೆಯ ಹೊಟ್ಟೆಗೆ ಅಂಟಿದ ಜಪಾನಿ ಅಕ್ಷರ

ಬಂಕಾಪುರದ ಪ್ರಭು ತನ್ನ ಮನೆಯ ಹೊರಗೋಡೆಯ ಮೇಲೆ ಸುಣ್ಣದಲ್ಲಿ ಜಪಾನಿ ಅಕ್ಷರ ಬರೆದದ್ದೇ ತಪ್ಪಾಯಿತು. ಮೊಬೈಲಿನಲ್ಲಿ ಅವು ಜೀರಿಗೆ ಚೆಲ್ಲಿದ ಹಾಗೆ ಕಾಣುತ್ತಿದ್ದವು. ಗೋಡೆಯ ಮೇಲಾದರೆ ಹಲ್ಲುಜ್ಜುತ್ತಲೂ ಓದಬಹುದು ಎಂಬುದು ಅವನ ಲೆಕ್ಕ.

ಓದಲೇಬೇಕಿತ್ತು. ಊರ ಕೋಟೆಯೊಳಗಿನ ನವಿಲು ನೋಡಲು ಜಪಾನಿನಿಂದ ಪ್ರವಾಸಿಗರ ತಂಡವೊಂದು ಬರುವುದಿತ್ತು. ಎಲ್ಲರ ಎದೆಯ ಮೇಲೂ ಹಿರಗಾನ ಎಂಬ ಜಪಾನಿ ಲಿಪಿಯಲ್ಲಿ ಹೆಸರಿನ ಬಿಲ್ಲೆ. ಅದನ್ನು ಓದಿ, ಹೆಸರು ಹಿಡಿದು ಕರೆಯಬಲ್ಲವನಿಗೇ ಗೈಡ್ ಕೆಲಸ ಎಂದು ಹುಬ್ಬಳ್ಳಿಯ ಪ್ರವಾಸ ಕಂಪನಿಯ ಶೈಲಶ್ರೀ ಮೇಡಂ ಹೇಳಿದ್ದರು. ಅಂದು ಸಂಜೆ ಐದಕ್ಕೆ ವಿಡಿಯೋ ಕಾಲಿನಲ್ಲಿ ಪರೀಕ್ಷೆ. ಕೋಟೆಯ ಬಾಗಿಲಲ್ಲಿ ಸೋಡಾ ಮಾರುತ್ತ, ಕಂಡಕಂಡವರೆಲ್ಲ ಗೈಡಾಗುವುದನ್ನು ವರ್ಷಗಟ್ಟಲೆ ನೋಡಿದ ಪ್ರಭುವಿಗೆ ತನ್ನ ಕೊರಳಿಗೂ ಒಂದು ಗೈಡ್ ಪಟ್ಟಿ ಬಿದ್ದರೆ ಜನ್ಮ ಸಾರ್ಥಕವಾಗುತ್ತಿತ್ತು.

ಅಕ್ಷರಗಳು ಮಾತ್ರ ಸಹಕರಿಸಲಿಲ್ಲ. ‘ನೆ’, ‘ರೆ’, ‘ವಾ’ ಮೂರೂ ಆಸ್ತಿ ಪಾಲಾದರೂ ಮೋರೆ ಬದಲಾಗದ ಅಣ್ಣತಮ್ಮಂದಿರ ಹಾಗಿದ್ದವು. ‘ಮೆ’ ಎಂಬುದು ತುದಿಯಲ್ಲಿ ಬಾಲ ಸುತ್ತಿಕೊಂಡರೆ ‘ನು’ ಆಗಿಬಿಡುತ್ತಿತ್ತು.

ಬೆಳಿಗ್ಗೆ ಅವನು ಆ ಬಾಲ ತಿದ್ದಿ ಕುಂಚ ಎತ್ತುವಷ್ಟರಲ್ಲಿ ಪಕ್ಕದ ಮನೆಯ ಕರೆವ್ವನ ಎಮ್ಮೆ ಬಂದು ಗೋಡೆಗೆ ಮೈ ತಿಕ್ಕಿತು. ಕರಿ ಹೊಟ್ಟೆಯ ಮೇಲೆ ಬಿಳಿ ‘ನು’ ಮೂಡಿತು, ತಿರುಗುಮುರುಗಾಗಿ. ಎಮ್ಮೆಗೆ ಅದರಿಂದೇನೂ ತೊಂದರೆಯಾಗಲಿಲ್ಲ. ವಾರದಿಂದ ಹಾಲು ಇಳಿಸದೆ ಹಟ ಹಿಡಿದಿದ್ದ ಅದು ಅಂದು ಚರಿಗೆ ತುಂಬಿಸಿತು.

ಕರೆವ್ವ ಚರಿಗೆ ಹಿಡಿದೇ ಓಡಿ ಬಂದಳು. “ಏ ಪ್ರಭು, ಕೆಟ್ಟ ಕಣ್ಣಿನ ನೆದರ ತಗಿಯೂ ಮಂತ್ರ ಕಲತೀ ಅಂತ ಒಂದ ಮಾತ ಹೇಳಬಾರದೇನೋ?”

“ಮಂತ್ರ ಅಲ್ಲಬೇ ಯವ್ವಾ, ಅಕ್ಷರ. ನಮ್ಮ ‘ನು’ ಇದ್ದಂಗ ಅವರ ‘ನು’.”

“ನಮ್ಮ ‘ನು’ ಸಾಲಿ ಗ್ವಾಡಿ ತುಂಬ ಬರದಾರ. ಅದನ್ನ ನೋಡಿ ಯಾವ ಎಮ್ಮಿ ಹಾಲ ಕೊಟ್ಟೇತಿ ಹೇಳು?”

ಪ್ರಭು ಕುಂಚವನ್ನು ಮತ್ತೆ ಸುಣ್ಣದಲ್ಲಿ ಅದ್ದಿದ.

ಸುದ್ದಿ ಹಾಲಿಗಿಂತ ಬೇಗ ಉಕ್ಕಿತು. ಆಟೋದ ಮುಜಾಫರ ಗಾಡಿಯನ್ನು ನೂಕಿಕೊಂಡೇ ಬಂದ. “ಭಾಯಿ, ಮುಂದಿನ ಗಾಜಿಗೆ ಒಂದ ಬರದಬಿಡು. ಕಿಕ್ ಹೊಡದು ಹೊಡದು ಕಾಲ ಹ್ವಾದೂ.”

“ಐದಕ್ಕ ಪರೀಕ್ಷಾ ಐತೋ ಮಾರಾಯಾ, ಬಿಡೋ.”

“ಬರದ್ರನ ಪಕ್ಕಾ ಆಗೂದು. ನನ್ನ ಗಾಡೀನ ನಿನ್ನ ಬರಿಯೂ ಪಾಟಿ ಅಂತ ತಿಳಕೋ.”

ಮಾತಿನಲ್ಲಿ ಹುರುಳಿತ್ತು. ಪ್ರಭು ಬರೆದ. ಆಟೋ ಶುರುವಾಯಿತು. ಆಗಷ್ಟೇ ಹೊಸ ಪ್ಲಗ್ ಹಾಕಿಸಿದ್ದು ಮುಜಾಫರನಿಗೂ ಮರೆತುಹೋಗಿತ್ತು.

ಮಧ್ಯಾಹ್ನದ ಹೊತ್ತಿಗೆ ಸಾಲು ಬೀದಿ ದಾಟಿತು. ಸಾಲಿನಲ್ಲಿ ಮಿಕ್ಸರ್ ಇತ್ತು, ಹೊಲಿಗೆ ಯಂತ್ರವಿತ್ತು, ಮೊಟ್ಟೆ ಇಡುವುದನ್ನು ಬಿಟ್ಟ ಕೋಳಿಯಿತ್ತು. ಮೂಲೆಮನೆಯ ಜನ್ನತಬಿ ಮುನಿಸಿಕೊಂಡು ಮಾತು ಬಿಟ್ಟ ಅಳಿಯನನ್ನೇ ಎಳೆತಂದಿದ್ದಳು. ಅಳಿಯ ಅಂಗೈ ಚಾಚಿದ. ಮಾತಾಡಲಿಲ್ಲ.

ಆಗ ನಿವೃತ್ತ ಮಾಸ್ತರರಾದ ಜಯತೀರ್ಥರು ಕೈಚೀಲ ಹಿಡಿದು ಬಂದರು. “ನಾಚಿಕಿ ಆಗಬೇಕು ನಿಮಗ! ಇದು ವರ್ಣಮಾಲಾ ಅದ. ಮಂತ್ರಾನೂ ಅಲ್ಲ, ಮಾಟಾನೂ ಅಲ್ಲ. ನಡೀರಿ ಎಲ್ಲಾರೂ ಮನಿಗೆ!”

ಜನ ತಲೆ ತಗ್ಗಿಸಿ ಚದುರಿದರು. ಪ್ರಭುವಿಗೆ ಅವರ ಕಾಲಿಗೆ ಬೀಳುವಷ್ಟು ಸಂತೋಷವಾಯಿತು. ಮಾಸ್ತರರು ಬೀದಿಯ ಎರಡೂ ಕಡೆ ನೋಡಿ, ಚೀಲದಿಂದ ಬೋರ್‌ವೆಲ್ಲಿನ ಸ್ಟಾರ್ಟರ್ ಡಬ್ಬಿ ಹೊರತೆಗೆದರು.

“ನನಗ ಇದರಾಗ ನಂಬಿಕಿ ಇಲ್ಲ ನೋಡಪಾ. ಇದರ ಮ್ಯಾಲೆ ಜಾಗಾ ಖಾಲಿ ಅದ, ಅಷ್ಟ.”

ಐದು ಗಂಟೆಗೆ ಫೋನು ಬಂದಾಗ ಪ್ರಭು ಎಮ್ಮೆಯ ಹೊಟ್ಟೆಗೆ ಕುಂಚ ಹಚ್ಚಿದ್ದ. ಅದು ಕೆರೆಗಿಳಿದು ಅಕ್ಷರ ತೊಳೆದುಕೊಂಡಿದೆಯೆಂದು, ಸಂಜೆಯ ಹಾಲಿಗಾಗಿ ಕರೆವ್ವ ಮತ್ತೆ ಹೊಡೆದುಕೊಂಡು ಬಂದಿದ್ದಳು. ಅವಳ ಹಿಂದೆ ಊರೂ ಮರಳಿತ್ತು. ಶೈಲಶ್ರೀ ಮೇಡಂ ಒಂದೊಂದೇ ಬಿಲ್ಲೆ ತೋರಿಸಿದರು. “ಹರುಕೊ,” ಎಂದ ಪ್ರಭು. “ಕೆನ್‌ಇಚಿ. ನತ್ಸುಮೆ.” ಬೆಳಗಿನಿಂದ ಊರಿಗೆಲ್ಲ ಒಬ್ಬೊಬ್ಬರಿಗೆ ಒಂದೊಂದು ಬರೆದು ಬರೆದು ಅಕ್ಷರಗಳು ಕೈಯಿಂದ ನಾಲಿಗೆಗೆ ಹತ್ತಿದ್ದವು. ಒಂದೂ ತಪ್ಪಲಿಲ್ಲ.

“ಭಾಳ ಛಲೋ ಓದಿದ್ರಿ,” ಎಂದರು ಮೇಡಂ. “ಹಿಂದ ಅದೇನ್ರಿ, ಎಮ್ಮೀನ?”

ಗೆದ್ದ ಹುಮ್ಮಸ್ಸಿನಲ್ಲಿ ಪ್ರಭು ನಡೆದದ್ದನ್ನೆಲ್ಲ ಹೇಳಿದ. ಮೇಡಂ ಮೈಕ್ ಬಂದ್ ಮಾಡಿ ಪಕ್ಕದಲ್ಲಿ ಯಾರೊಡನೆಯೋ ಮಾತಾಡಿದರು. ಮತ್ತೆ ದನಿ ಬಂತು.

“ಪ್ರಭು ಅವರ, ಗೈಡ್ ಕೆಲಸ ನಿಮಗ ಬ್ಯಾಡ್ರಿ.”

“ಯಾಕ್ರಿ? ಎಲ್ಲಾ ಬರೋಬ್ಬರಿ ಓದಿದ್ನಲ್ರಿ!”

“ಗೈಡ್ ಎಲ್ಲಾ ಕಡೆ ಸಿಗ್ತಾರ್ರಿ. ಹಿರಗಾನ ಬರದು ಎಮ್ಮಿ ಹಾಲ ಇಳಸೋರು ಜಪಾನಿನೊಳಗೂ ಸಿಗೂದಿಲ್ಲ. ಮಂದಿಗೆ ನಿಮ್ಮನ್ನ ತೋರಸ್ತೇವಿ. ನವಿಲು ಆದಮ್ಯಾಲ, ಊಟಕ್ಕಿಂತ ಮೊದಲ. ನೀವು ಮಾತಾಡೂದೇನ ಬ್ಯಾಡ.”

ಪ್ರಭು ಎಮ್ಮೆಯನ್ನು ಹಿಡಿದುಕೊಂಡು ನಿಂತ. “ಮತ್ತ ನನ್ನ ತೋರಸೋರು ಯಾರ್ರಿ?”

“ಇಲ್ಲಿಂದ ಆಕಾಶ ಅಂತ ಒಬ್ಬ ಬರ್ತಾನ್ರಿ. ಭಾಳ ಹುಷಾರ ಹುಡುಗ. ಆ ಅಕ್ಷರದ ಪರೀಕ್ಷಾದಾಗಷ್ಟ ಫೇಲಾಗ್ಯಾನ. ತಂಡ ಬರೂದರೊಳಗ ನೀವ ಸ್ವಲ್ಪ ಅವಂಗ ಕಲಿಸಿಬಿಡ್ರಿ.”