ಸಾಕ್ಷಿಗಳು ಬೇಕಾಗಿದ್ದಾರೆ

ಬೆಳಿಗ್ಗೆ ಹತ್ತಕ್ಕೆ ಅಧ್ಯಕ್ಷೆ ಸಾಕ್ಷಿಗಳ ಪಟ್ಟಿಯನ್ನು ಮೇಜಿನ ಮೇಲೆ ಎಸೆದ ರೀತಿಯಿಂದಲೇ ಗುಮಾಸ್ತರಿಗೆ ತಮ್ಮ ಅಂದಿನ ಗ್ರಹಚಾರ ಗೊತ್ತಾಯಿತು.

"ಏನ್ರೀ ಇದು? ಬಸ್ ಪ್ರಯಾಣಿಕರ ಕಷ್ಟ ವಿಚಾರಿಸೋ ಸಂಸದೀಯ ಸಮಿತಿ ನಮ್ದು. ಸಾಕ್ಷಿ ಹೇಳೋರು ಏಳು ಜನ, ಏಳೂ ಜನ ನಿವೃತ್ತ ಅಧಿಕಾರಿಗಳು! ಒಬ್ಬ ಹೆಂಗಸಿಲ್ಲ, ಒಬ್ಬ ಕೂಲಿಯವನಿಲ್ಲ. ಇವ್ರಲ್ಲಿ ಯಾರಾದ್ರೂ ಬಸ್ ಹತ್ತಿದ್ದಾರಾ?"

"ಒಬ್ರು ಬಸ್ ನಿಲ್ದಾಣ ಉದ್ಘಾಟನೆ ಮಾಡಿದ್ದಾರೆ ಮೇಡಂ."

"ಮೂರಕ್ಕೆ ಸಭೆ. ಅಷ್ಟರೊಳಗೆ ಬೇರೆ ಥರದವರು ಒಬ್ರಾದ್ರೂ ಬರ್ಬೇಕು. ನಿಮ್ಮ ರಜಾ ಅರ್ಜಿಗೆ ಆಮೇಲೆ ಸಹಿ."

ಗುಮಾಸ್ತರು ಗಡಿಯಾರ ನೋಡಿದರು. ಐದೂವರೆಗೆ ರೈಲು. ಮಾರನೆಯ ಬೆಳಿಗ್ಗೆ ಊರಲ್ಲಿ ಮಗಳ ನಾಟಕ. ಹಿಂದಿನ ಎರಡು ನಾಟಕಗಳಿಗೂ ಹೋಗಿರಲಿಲ್ಲ; ಈ ಸಲ ತಪ್ಪಿಸಿದರೆ ಮಾತೇ ಬಿಡುತ್ತೇನೆ ಎಂದಿದ್ದಳು. ಹೇಳಿದ್ದನ್ನು ಮಾಡಿಯೇ ತೀರುವ ಸ್ವಭಾವ ಅವಳಿಗೆ ತಾಯಿಯಿಂದ ಬಂದಿತ್ತು.

ಗುಮಾಸ್ತರು ಬಸ್ ನಿಲ್ದಾಣಕ್ಕೆ ಓಡಿದರು. ಅಲ್ಲೊಬ್ಬ ಬಣ್ಣ ಬಳಿಯುವವನು ಏಣಿ ಹಿಡಿದು ನಿಂತಿದ್ದ.

"ಸ್ವಲ್ಪ ಸಾಕ್ಷಿ ಹೇಳೋಕೆ ಬರ್ತೀರಾ?"

"ನಾನೇನೂ ನೋಡಿಲ್ಲ ಸಾರ್!" ಎಂದವನೇ ಏಣಿ ಸಮೇತ ಓಟ ಕಿತ್ತ.

ಬಸ್ಸಿಗೆ ಕಾಯುತ್ತಿದ್ದ ನರ್ಸಮ್ಮ ಒಬ್ಬರು, "ಹೊಡೆದಾಟ ಆದಾಗ ನಾನು ಡ್ಯೂಟೀಲಿದ್ದೆ" ಎಂದರು. ಯಾವ ಹೊಡೆದಾಟವೋ ದೇವರೇ ಬಲ್ಲ. ಮುದುಕರೊಬ್ಬರು, "ಕೋರ್ಟಿನ ಮೆಟ್ಟಿಲು ಹತ್ತಬೇಡ ಅಂತ ನಮ್ಮಪ್ಪ ಸಾಯೋವಾಗ ಹೇಳಿದ್ದಾರೆ" ಎಂದು ಕೈಮುಗಿದರು. ಒಬ್ಬ ಮಾತ್ರ ತಕ್ಷಣ ಒಪ್ಪಿಕೊಂಡ. "ಯಾವ ಕೇಸು? ನಾನು ಎಲ್ಲಿ ನಿಂತು ನೋಡಿದೆ ಅಂತ ಹೇಳ್ಬೇಕು?" ಅಂದ. ಈ ಸಲ ಕಾಲ್ಕಿತ್ತವರು ಗುಮಾಸ್ತರು.

ಒಂದು ಗಂಟೆಗೆ ಬೆವರು ಒರೆಸಿಕೊಳ್ಳುತ್ತ ಕಚೇರಿಗೆ ಬಂದಾಗ ಟೈಪಿಸ್ಟಮ್ಮ ನಕ್ಕರು. "ಸಾಕ್ಷಿ ಅಂದ್ರೆ ಯಾರು ಬರ್ತಾರೆ ಸಾರ್? ಕಷ್ಟ ಹೇಳ್ಕೊಳ್ಳಿ, ಕೂತು ಕೇಳ್ತಾರೆ ಅನ್ನಿ."

ಮತ್ತೆ ಓಟ. ನಿಲ್ದಾಣದ ಪಕ್ಕದಲ್ಲಿ ಹೊಲಿಗೆಯಾಕೆ ಮಷಿನ್ ತುಳಿಯುತ್ತಿದ್ದರು. ಗುಮಾಸ್ತರು ಹೊಸ ಮಂತ್ರ ಹೇಳಿದರು. ಮಷಿನ್ ನಿಂತಿತು.

"ನಿಜವಾಗ್ಲೂ ಕೇಳ್ತಾರಾ? ಮಧ್ಯ ಬಾಯಿ ಹಾಕಲ್ವಾ?"

"ಇಲ್ಲಮ್ಮ."

ಆಕೆ ಅಂಗಡಿ ಮುಚ್ಚಿ, ಕೊರಳಲ್ಲಿದ್ದ ಟೇಪಿನ ಸಮೇತ ಹೊರಟರು.

ಮೂರಕ್ಕೆ ಆಕೆ ಮಾತು ಶುರುಮಾಡಿದಾಗ ತೂಕಡಿಸುತ್ತಿದ್ದ ಏಳೂ ಅಧಿಕಾರಿಗಳು ಎಚ್ಚೆತ್ತರು. "ಬಸ್ಸಿನ ಮೊದಲ ಮೆಟ್ಟಿಲು ನೆಲದಿಂದ ಹದಿನೇಳು ಇಂಚು. ನಾನೇ ಅಳೆದಿದ್ದೀನಿ. ಸೀರೆ ಉಟ್ಕೊಂಡು ನೀವೇ ಹತ್ತಿ ನೋಡಿ ಸ್ವಾಮಿ!" ಅಧ್ಯಕ್ಷೆಯ ಮುಖ ಅರಳಿತು. ಇದೇ ಸಮಯವೆಂದು ಗುಮಾಸ್ತರು ರಜಾ ಅರ್ಜಿಯನ್ನು ಮೆಲ್ಲಗೆ ಮುಂದಿಟ್ಟರು. ಅಧ್ಯಕ್ಷೆ ಪೆನ್ನಿನ ಮುಚ್ಚಳ ತೆಗೆದರು.

"ಅಮ್ಮಾ, ಉಳಿದವರನ್ನ ಯಾವಾಗ ಕರೀತೀರಿ?" ಎಂದರು ಹೊಲಿಗೆಯಾಕೆ. "ಬರೋವಾಗ ನಿಲ್ದಾಣದಲ್ಲಿ ಹೇಳ್ದೆ, ಕಷ್ಟ ಕೇಳ್ತಾರಂತೆ ಅಂತ. ಎಲ್ಲಾ ಬಂದುಬಿಟ್ಟಿದ್ದಾರೆ."

ಗುಮಾಸ್ತರು ಬಾಗಿಲು ತೆರೆದು ನೋಡಿದರು. ಸಾಲು ಮೆಟ್ಟಿಲಿಳಿದು ಗೇಟಿನವರೆಗೂ ಹೋಗಿತ್ತು.

ಅಧ್ಯಕ್ಷೆ ಪೆನ್ನು ಮುಚ್ಚಿದರು. "ಭೇಷ್ ಕಣ್ರೀ! ಸಮಿತಿ ಅಂದ್ರೆ ಹೀಗಿರ್ಬೇಕು. ಒಬ್ಬರನ್ನೂ ಬಿಡ್ಬೇಡಿ. ಮಿಕ್ಕವರು ನಾಳೆ ಬೆಳಿಗ್ಗೆ. ಒಂದು ಪದ ಬಿಡದೆ ಬರ್ಕೊಳ್ಳಿ."

ಹನ್ನೊಂದನೆಯವರು ಬಸ್ಸಿನ ಕಿಟಕಿಯ ಕಷ್ಟ ಹೇಳುತ್ತಿದ್ದಾಗ ಐದೂವರೆ ದಾಟಿತು. ಗುಮಾಸ್ತರ ಮೊಬೈಲ್ ಹೊಡೆದುಕೊಂಡಿತು. ಜನರ ಕಷ್ಟ ಕೇಳ್ತಿದ್ದೀವಿ, ರೈಲು ತಪ್ಪಿತು ಎಂದು ಅವರು ಪಿಸುಗುಟ್ಟಿದರೂ ಅತ್ತಲಿನ ದನಿ ಇಡೀ ಸಭೆಗೆ ಕೇಳಿತು: "ಊರವರ ಕಷ್ಟ ಕೇಳೋಕೆ ಪುರುಸೊತ್ತಿದೆ! ಹದಿನಾರು ವರ್ಷದಿಂದ ನನ್ನ ಕಷ್ಟ ಕೇಳಿದೋರ್ಯಾರು?"

"ಯಾರ್ರೀ ಅದು?"

"ಮನೆಯವರು ಮೇಡಂ."

ಅಧ್ಯಕ್ಷೆ ಪಟ್ಟಿ ತಿರುವಿದರು. "ಸರ್ಕಾರಿ ನೌಕರರ ಹೆಂಡ್ತೀರು ಒಬ್ರೂ ಇಲ್ವಲ್ರೀ ಇದ್ರಲ್ಲಿ! ಸ್ಪೀಕರ್ ಹಾಕಿ."

"ಅದು ಬಸ್ಸಿನ ವಿಷಯ ಅಲ್ಲ ಮೇಡಂ!"

"ಅದನ್ನ ಅವರೇ ಹೇಳ್ಲಿ. ನೀವು ಬರ್ಕೊಳ್ಳಿ."

ಗುಮಾಸ್ತರು ಹೊಸ ಹಾಳೆ ತೆಗೆದು 'ಹನ್ನೆರಡನೆಯ ಸಾಕ್ಷಿ' ಎಂದು ಬರೆದರು. ಆರೂವರೆಗೆ ಏಳನೆಯ ಹಾಳೆ ನಡೆಯುತ್ತಿತ್ತು. ಬಸ್ಸಿನ ಮಾತು ಇನ್ನೂ ಬಂದಿರಲಿಲ್ಲ.