ಕೈ ಕಂಡರೆ ಸಾಕು, ಸರ್

ಒಂಟಿಯಾಗಿ ಬದುಕುವವನಿಗೆ ಅಭಿಪ್ರಾಯಗಳ ಕಾಟ ಇರುವುದಿಲ್ಲ. ಸಾರಿಗೆ ಉಪ್ಪು ಜಾಸ್ತಿಯಾದರೆ ಅದು ನನಗೂ ಸಾರಿಗೂ ಸಂಬಂಧಪಟ್ಟ ವಿಷಯ. ಅಂಗಿಯ ಗುಂಡಿ ತಪ್ಪಾಗಿ ಹಾಕಿಕೊಂಡದ್ದು ಸಂಜೆ ಬಿಚ್ಚುವಾಗ ಗೊತ್ತಾಗುತ್ತದೆ; ಅಷ್ಟರೊಳಗೆ ಕೊಪ್ಪದ ಪೇಟೆಯನ್ನೆಲ್ಲ ಸುತ್ತಿ ಆಗಿರುತ್ತದೆ. ಇಂಥ ನೆಮ್ಮದಿಯಲ್ಲಿದ್ದವನು ‘ನನ್ನಲ್ಲಿ ಏನು ಸರಿಯಿಲ್ಲ, ದಯವಿಟ್ಟು ಹೇಳಿ’ ಎಂದು ಕಂಡು ಕೇಳದ ಊರಿನವರನ್ನೆಲ್ಲ ಕೇಳಿಕೊಂಡೆ ಎಂದರೆ ನೀವು ನಂಬಬೇಕು.

ನಾನು ಗಿಟಾರ್ ಮೇಷ್ಟ್ರು. ಮೊದಲು ಮದುವೆಯ ಆರತಕ್ಷತೆಗಳಿಗೆ ಹೋಗುವ ಒಂದು ಆರ್ಕೆಸ್ಟ್ರಾದಲ್ಲಿದ್ದೆ. ಕೀಬೋರ್ಡಿನವನು ಒಬ್ಬನೇ ಎಲ್ಲ ವಾದ್ಯಗಳನ್ನೂ ನುಡಿಸಲು ಕಲಿತ ಮೇಲೆ ಉಳಿದವರಿಗೆ ಕೆಲಸವಿಲ್ಲದಾಯಿತು. ಬಸ್‌ಸ್ಟ್ಯಾಂಡಿನ ಹತ್ತಿರ ಮಹಡಿಯ ಮೇಲೊಂದು ಕೋಣೆ ಹಿಡಿದು ಬೋರ್ಡು ಹಾಕಿದೆ. ಮೊದಲ ವಾರ ಮೂವರು ಮೆಟ್ಟಿಲು ಹತ್ತಿ ಬಂದರು. ಇಬ್ಬರು ಕೇಳಿದ್ದು ಕೆಳಗಿನ ಕಂಪ್ಯೂಟರ್ ಸೆಂಟರ್ ಎಲ್ಲಿ ಎಂದು, ಮೂರನೆಯವರು ಟಾಯ್ಲೆಟ್ ಎಲ್ಲಿ ಎಂದು.

ಆ ಸೆಂಟರಿನ ನಜೀರನೇ ನನಗೆ ದಾರಿ ತೋರಿಸಿದವನು. “ಇಲ್ಲಿ ಯಾರು ಕಲೀತಾರೆ ಮಾರಾಯ? ಈಗ ಬ್ರಾಡ್‌ಬ್ಯಾಂಡ್ ಬಂದಿದೆ. ಪಾಠನ ವಿಡಿಯೊ ಮಾಡು, ನಾನು ವೆಬ್‌ಸೈಟ್ ಮಾಡಿಕೊಡ್ತೀನಿ. ಮೆಂಬರ್ ಆದೋರು ಅವರವರ ಮನೇಲಿ ಕೂತ್ಕೊಂಡು ಕಲೀಲಿ” ಎಂದ. ಅಂದೇ ನಿಂಬೆಹಣ್ಣಿನ ಗಾತ್ರದ ಕ್ಯಾಮೆರಾವೊಂದನ್ನು ನನ್ನ ಮೇಜಿಗೆ ಸಿಕ್ಕಿಸಿ ಹೋದ.

ಬಹಳ ದಿನಗಳ ಮೇಲೆ ಎದುರಿಗೊಂದು ಕಣ್ಣು ಸಿಕ್ಕಿತ್ತು, ಗಾಜಿನದಾದರೇನು! ಗಿಟಾರ್ ಹಿಡಿಯುವ ಬಗೆಯನ್ನು ಹೇಳಲು ಹೊರಟವನು ಶೃಂಗೇರಿಯ ಒಂದು ಮದುವೆಯಲ್ಲಿ ಕರೆಂಟು ಹೋಗಿ ಗಾಯಕಿಯ ದನಿ ಹಿಂದೆ ಕೂತ ನಮಗೂ ಕೇಳಿಸದೆ, ನಾವು ಬೇರೊಂದೇ ಹಾಡು ನುಡಿಸಿದ ಕಥೆಗೆ ಇಳಿದೆ. ಪಾಠ ಮುಗಿದಾಗ ಗಿಟಾರ್ ಇನ್ನೂ ಗೋಡೆಗೆ ಒರಗಿಕೊಂಡೇ ಇತ್ತು. ಆದರೂ ಶಿವಮೊಗ್ಗ, ಹುಬ್ಬಳ್ಳಿ, ದುಬೈ ಎಂದು ಒಬ್ಬೊಬ್ಬರೇ ಮೆಂಬರಾದರು. ನಜೀರ ವಿಡಿಯೊದ ಕೆಳಗೆ ‘ಪಾಠದ ಬಗ್ಗೆ ಅಭಿಪ್ರಾಯ ತಿಳಿಸಿ’ ಎಂಬ ಒಂದು ಡಬ್ಬಿಯನ್ನೂ ಇಟ್ಟ. “ಅವರು ಹೇಳಿದ್ದು ನೀನು ತಿದ್ದಿಕೊಂಡ್ರೆ ಮೆಂಬರ್ಸು ನಿಲ್ತಾರೆ” ಎಂದ.

ಅಭಿಪ್ರಾಯಗಳು ಬಂದವು. ಮೊದಲನೆಯದು: ‘ಸರ್, ಮಾತು ಸ್ವಲ್ಪ ಕಮ್ಮಿ ಮಾಡಿ.’ ಮನಸ್ಸಿಗೆ ಚುಚ್ಚಿತು, ಆದರೂ ಕಮ್ಮಿ ಮಾಡಿದೆ. ಎರಡನೆಯದು ದುಬೈಯಿಂದ: ‘ನೀವು ತಂತಿಗಳ ಮೇಲೆ ಜಿ ಕಾರ್ಡ್ ಹಿಡಿಯುವಾಗ ಯಾರೋ ಶೃಂಗೇರಿ ಶೃಂಗೇರಿ ಅಂತ ಕೂಗುತ್ತಾರೆ. ಅದೂ ಪಾಠದಲ್ಲಿ ಬರುತ್ತಾ?’ ಅದು ಕೆಳಗಿನ ಬಸ್ಸಿನ ಕಂಡಕ್ಟರನ ದನಿ. ಕಿಟಕಿ ಮುಚ್ಚಿದೆ. ಆಮೇಲೆ ಹುಬ್ಬಳ್ಳಿಯವರು ಬರೆದರು: ‘ನಿಮ್ಮ ಮುಖ ಅರ್ಧ ಸ್ಕ್ರೀನ್ ತಿಂತದ. ಕೈ ಕಂಡರ ಸಾಕು ಸರ್.’ ಕ್ಯಾಮೆರಾ ಬಗ್ಗಿಸಿದೆ. ಕೊನೆಗೆ ಉಳಿದ ಎರಡು ಮಾತನ್ನೂ ಬಿಟ್ಟು, ಯಾವ ಬೆರಳು ಎಲ್ಲಿ ಎಂಬುದನ್ನು ಪರದೆಯ ಮೇಲೆ ಬರೆಸಿಬಿಟ್ಟೆ.

ಮೆಂಬರುಗಳು ಹೆಚ್ಚಿದರು. ನಜೀರ ಖುಷಿಪಟ್ಟ. ಅಭಿಪ್ರಾಯಗಳು ಮಾತ್ರ ‘ಥ್ಯಾಂಕ್ಸ್’ ಎಂಬಷ್ಟಕ್ಕೆ ಇಳಿದು, ಆಮೇಲೆ ಅದೂ ನಿಂತುಹೋಯಿತು. ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಕಂಪ್ಯೂಟರ್ ಹಾಕಿ ನೋಡುತ್ತಿದ್ದೆ, ಡಬ್ಬಿ ಖಾಲಿ. ತಪ್ಪು ಮಾಡುತ್ತಿದ್ದಾಗ ಮನೆಯಲ್ಲಿ ನಾಲ್ಕು ಜನ ಇದ್ದ ಹಾಗಿತ್ತು. ಪಾಠ ಸರಿಹೋಗಿದ್ದೇ ಎಲ್ಲರೂ ಎದ್ದು ಹೋದರು.

ಹಾಗಿರುವಾಗ ಒಂದು ಮಧ್ಯಾಹ್ನ ಯಾರೋ ಬಾಗಿಲು ತಟ್ಟಿದರು. ಕೊಡೆ ಹಿಡಿದ ಒಬ್ಬ ಹಿರಿಯ ಹೆಂಗಸು.

“ಗಿಟಾರ್ ಸರ್ ರೂಮು ಇದೇನಾ?”

“ಹೌದು, ನಾನೇ.”

ಅವರು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. “ಸದ್ಯ! ಇದ್ದೀರಲ್ಲ!”

ಅವರು ಲೀಲಮ್ಮ. ನರಸಿಂಹರಾಜಪುರದವರು, ನರ್ಸ್ ಆಗಿ ನಿವೃತ್ತರಾದವರು, ನನ್ನ ಮೊದಲ ಪಾಠದಿಂದಲೂ ಮೆಂಬರು. ವೆಬ್‌ಸೈಟಿನಲ್ಲಿದ್ದ ವಿಳಾಸ ಹಿಡಿದು ಬಸ್ಸಿನಲ್ಲಿ ಬಂದಿದ್ದರು. “ಮೊದ್ಲು ಮಾತು ಕಮ್ಮಿ ಆಯ್ತು. ಆಮೇಲೆ ಮುಖ ಕಾಣ್ಲಿಲ್ಲ. ಕಡೆಗೆ ಮಾತು ಪೂರ್ತಿ ನಿಂತೇಹೋಯ್ತು. ಆಸ್ಪತ್ರೇಲಿ ಇದ್ದವಳು ನಾನು, ನಂಗೆ ಗೊತ್ತಾಗಲ್ವಾ? ಲಕ್ವ ಹೊಡೀತು ಪಾಪ, ಕೈ ಒಂದು ಉಳ್ಕೊಂಡಿದೆ ಅಂದ್ಕೊಂಡೆ.”

“ಬರೆದು ಕೇಳಬಹುದಿತ್ತಲ್ಲ ಮೇಡಂ?”

“ಅಲ್ಲಿ ಪಾಠದ ಬಗ್ಗೆ ಅಭಿಪ್ರಾಯ ತಿಳಿಸಿ ಅಂತ ಇತ್ತು. ಮೇಷ್ಟ್ರ ಬಗ್ಗೆ ಕೇಳೋಕೆ ಜಾಗ ಎಲ್ಲಿತ್ತು?”

ಟೀ ಮಾಡಿದೆ. ಎರಡನೆಯ ಲೋಟ ಹುಡುಕಬೇಕಾಯಿತು. ಅದರಲ್ಲಿ ಹಳೆಯ ತಂತಿಗಳನ್ನು ತುಂಬಿಟ್ಟಿದ್ದೆ. ಲೀಲಮ್ಮ ನನ್ನ ಗಿಟಾರ್ ತೆಗೆದುಕೊಂಡು ಮೂರನೆಯ ಪಾಠವನ್ನು ನುಡಿಸಿ ತೋರಿಸಿದರು. ತೋರುಬೆರಳು ಸರಿಯಾಗಿ ಕೂರುತ್ತಿರಲಿಲ್ಲ. ತಿದ್ದಿದೆ. ಸ್ವರ ಕೂಡಿದಾಗ ಅವರು ಎಷ್ಟು ಜೋರಾಗಿ ನಕ್ಕರೆಂದರೆ ಕೆಳಗಿನಿಂದ ನಜೀರ ಬಂದು ಇಣುಕಿದ. ಹೊರಡುವಾಗ ನನ್ನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, “ರಕ್ತ ಕಮ್ಮಿ ಇದೆ. ಸೊಪ್ಪು ತಿನ್ನಿ. ಆ ಕಿಟಕಿ ಒಂಚೂರು ತೆಗೀರಿ” ಎಂದರು. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೆ ಕಿಟಕಿಯಲ್ಲೇ ನಿಂತಿದ್ದೆ.

ಮರುದಿನ ಗಡ್ಡ ಬೋಳಿಸಿ, ಇಸ್ತ್ರಿಯ ಅಂಗಿ ತೊಟ್ಟು, ಗುಂಡಿಗಳನ್ನು ಎರಡು ಸಲ ನೋಡಿಕೊಂಡು, ಕ್ಯಾಮೆರಾವನ್ನು ಮೇಲಕ್ಕೆತ್ತಿದೆ. ‘ನಮಸ್ಕಾರ, ಎಲ್ಲರೂ ಹೇಗಿದ್ದೀರಿ?’ ಎಂದು ಶುರುಮಾಡಿ ಹೊಸ ಪಾಠವನ್ನು ಮುಖ ಸಮೇತ ಹೇಳಿದೆ. ಸಂಜೆಯೊಳಗೆ ಡಬ್ಬಿಗೆ ಒಂದು ಅಭಿಪ್ರಾಯ ಬಂದು ಬಿತ್ತು. ಓಡಿಹೋಗಿ ತೆರೆದೆ.

‘ಹೊಸ ಮೇಷ್ಟ್ರು ಪರವಾಗಿಲ್ಲ. ಆದರೆ ಮೊದಲಿನವರ ಕೈ ಇನ್ನೂ ಚೆನ್ನಾಗಿತ್ತು. ದಯವಿಟ್ಟು ಅವರನ್ನೇ ಕರೆಸಿ.’

ನಾನೇ ಅವನು ಎಂದು ಬರೆಯಲು ಹೊರಟೆ. ಯಾಕೋ ಬೆರಳು ಏಳಲಿಲ್ಲ. ‘ಅವರು ರಜೆಯಲ್ಲಿದ್ದಾರೆ, ಮುಂದಿನ ವಾರ ಬರುತ್ತಾರೆ’ ಎಂದು ಬರೆದೆ. ಕೂಡಲೇ ಉತ್ತರ ಬಂತು: ‘ಸಂತೋಷ. ಅವರನ್ನು ಕೇಳಿದೆವೆಂದು ಹೇಳಿ.’

ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಹೇಳಿದೆ.